ಗಾಳಿಯಂತ್ರದ ಬುಡದಲ್ಲೊಂದು ಗ್ರಂಥಾಲಯ: ಮಲಾವಿಯ ಹುಡುಗನ ಅಳತೆಗೋಲಿನಲ್ಲಿ

ಹೋಟೆಲಿನ ದೋಸೆಯ ಬಗ್ಗೆ, ಮೊಬೈಲಿನ ಬ್ಯಾಟರಿಯ ಬಗ್ಗೆ ಉದ್ದುದ್ದ ಅಭಿಪ್ರಾಯ ಬರೆಯುವ ನಾವು, ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟಿಯೂ, ಊರಿನ ಗ್ರಂಥಾಲಯ ಹೇಗೆ ನಡೆಯುತ್ತಿದೆ ಎಂದು ಕೇಳುವುದು ಅಪರೂಪ. ಚಿತ್ರದುರ್ಗ ತಾಲ್ಲೂಕಿನಲ್ಲಿ, ಗುಡ್ಡದ ಸಾಲಿಗೆ ಒತ್ತಿಕೊಂಡಿರುವ ಹಳ್ಳಿಯೊಂದರ ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗ ಫಲಕದ ಮೇಲೆ ‘ಅರಿವು ಕೇಂದ್ರ’ ಎಂದು ಬರೆಸಿಕೊಂಡಿರುವ ಎರಡು ಕೋಣೆಗಳ ಕಟ್ಟಡ, ಈ ವಿಮರ್ಶೆಯ ವಸ್ತು. ಹಳ್ಳಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಒಬ್ಬರೇ ಮೇಲ್ವಿಚಾರಕಿ ಇರುವ ಜಾಗದ ಹೆಸರು ಹೇಳಿದರೆ ಟೀಕೆಯೆಲ್ಲವೂ ಅವರೊಬ್ಬರ ತಲೆಗೆ ಬೀಳುತ್ತದೆ. ಇಲ್ಲಿನ ಕೊರತೆಗಳಲ್ಲಿ ಹೆಚ್ಚಿನವು ಅವರಿಂದ ಆದವಲ್ಲ.

ಕಥೆ, ಕಾದಂಬರಿ, ವಚನ, ಪತ್ರಿಕೆಗಳ ವಿಚಾರಕ್ಕೆ ನಾನು ಹೋಗುವುದಿಲ್ಲ. ಆ ದೃಷ್ಟಿಯಿಂದ ಈ ಗ್ರಂಥಾಲಯ ತಕ್ಕಮಟ್ಟಿಗೆ ಚೆನ್ನಾಗಿಯೇ ಇದೆ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಪಾಠ ಹೇಳುವವನಾದ ನನಗೆ ತಿಳಿಯಬೇಕಾದದ್ದು ಒಂದೇ ಸಂಗತಿ: ವಿಜ್ಞಾನ ಕಲಿಯಬೇಕೆಂಬ ಆಸೆಯಿದ್ದು, ಮನೆಯಲ್ಲಿ ಹಣವಿಲ್ಲದ, ಶಾಲೆಯೂ ಕೈತಪ್ಪಬಹುದಾದ ಹದಿನಾಲ್ಕರ ಹರೆಯದ ಮಗುವೊಂದು ಈ ಬಾಗಿಲಿನಿಂದ ಒಳಗೆ ಬಂದರೆ ಅದಕ್ಕೆ ಇಲ್ಲಿ ಏನು ಸಿಗುತ್ತದೆ? ಈ ಪ್ರಶ್ನೆ ನನ್ನ ಕಲ್ಪನೆಯದಲ್ಲ. ಅಂಥದೇ ಒಬ್ಬ ಹುಡುಗ ಅಂಥದೇ ಒಂದು ಗ್ರಂಥಾಲಯಕ್ಕೆ 2002ರಲ್ಲಿ ಹೋಗಿದ್ದ. ಅವನ ಹೆಸರು ವಿಲಿಯಂ ಕಾಂಕ್ವಾಂಬಾ. ಊರು ಆಗ್ನೇಯ ಆಫ್ರಿಕಾದ ಮಲಾವಿ ದೇಶದ ಕಸುಂಗು ಬಳಿಯ ವಿಂಬೆ.

ಅವನ ಕಥೆಯನ್ನು ನಮ್ಮ ಕಡೆಯ ಮಕ್ಕಳಿಗೆ ಹೇಳಲು ಹೆಚ್ಚು ಪೀಠಿಕೆ ಬೇಕಾಗುವುದಿಲ್ಲ, ಏಕೆಂದರೆ ಅದು ಮೆಕ್ಕೆಜೋಳದಿಂದ ಆರಂಭವಾಗುತ್ತದೆ. ದಾವಣಗೆರೆ, ಚಿತ್ರದುರ್ಗದಲ್ಲಿ ಮೆಕ್ಕೆಜೋಳವೆಂದರೆ ಮಾರುವ ಬೆಳೆ, ಎ.ಪಿ.ಎಂ.ಸಿ.ಗೆ ಹೋಗಿ, ಅಲ್ಲಿಂದ ಕೋಳಿ ಆಹಾರಕ್ಕೋ ಪಿಷ್ಟದ ಕಾರ್ಖಾನೆಗೋ ಸೇರುವ ಸರಕು. ಮಲಾವಿಯಲ್ಲಿ ಅದೇ ಊಟ. ನಮ್ಮ ಮುದ್ದೆಯಂತೆ ಅದರ ಹಿಟ್ಟನ್ನು ಬೇಯಿಸಿ ತಿರುವಿ ದಿನವೂ ಉಣ್ಣುತ್ತಾರೆ. 2001ರ ಕೊನೆಯಿಂದ 2002ರವರೆಗೆ ಬೆಳೆ ಕೈಕೊಟ್ಟು ಅಲ್ಲಿ ಬರಗಾಲ ಬಂತು. ಸರ್ಕಾರದ ಕಣಜದಲ್ಲಿರಬೇಕಾದ ಧಾನ್ಯವನ್ನು ಮೊದಲೇ ಮಾರಿಬಿಟ್ಟಿದ್ದರಿಂದ ಆ ಬರ ಕ್ಷಾಮವಾಗಿ ಬೆಳೆಯಿತು. 1987ರಲ್ಲಿ ಹುಟ್ಟಿದ ವಿಲಿಯಂ ಆಗಷ್ಟೇ ಪ್ರೌಢಶಾಲೆಗೆ ಕಾಲಿಟ್ಟಿದ್ದ. ಮಲಾವಿಯಲ್ಲಿ ಪ್ರಾಥಮಿಕ ಶಿಕ್ಷಣ 1994ರಿಂದ ಉಚಿತವಾಗಿತ್ತು, ಆದರೆ ಪ್ರೌಢಶಾಲೆಗೆ ಶುಲ್ಕವಿತ್ತು. ವರ್ಷಕ್ಕೆ ಸುಮಾರು 80 ಡಾಲರ್. ಏಳು ಮಕ್ಕಳ ಆ ರೈತ ಕುಟುಂಬಕ್ಕೆ ಅದನ್ನು ಹೊಂದಿಸಲಾಗಲಿಲ್ಲ. ಹುಡುಗ ಶಾಲೆ ಬಿಟ್ಟ.

ಶಾಲೆ ತಪ್ಪಿದರೂ ಪಾಠ ತಪ್ಪಬಾರದೆಂದು ಅವನು ಊರಿನ ಪ್ರಾಥಮಿಕ ಶಾಲೆಯಲ್ಲಿದ್ದ ಪುಟ್ಟ ಗ್ರಂಥಾಲಯಕ್ಕೆ ಹೋಗತೊಡಗಿದ. ದಾನವಾಗಿ ಬಂದ ಪುಸ್ತಕಗಳ ಕೆಲವೇ ಕಪಾಟುಗಳು, ಹೆಚ್ಚಿನವು ಇಂಗ್ಲಿಷಿನವು. ಅವನ ಇಂಗ್ಲಿಷು ಕಷ್ಟದ್ದು. ಆದ್ದರಿಂದ ಅವನು ಮೊದಲು ಚಿತ್ರ ನೋಡಿ, ಚಿತ್ರದ ಕೆಳಗಿನ ಅಂಕಿಯನ್ನು ಪಾಠದಲ್ಲಿ ಹುಡುಕಿ, ತಿಳಿಯದ ಪದಕ್ಕೆ ನಿಘಂಟನ್ನು ತೆರೆದು, ಹೀಗೆ ಹಿಂದುಮುಂದಾಗಿ ಭೌತಶಾಸ್ತ್ರ ಕಲಿತ. ಶಕ್ತಿಯ ಬಗೆಗಿನ ಅಮೆರಿಕದ ಪಠ್ಯಪುಸ್ತಕವೊಂದರ ರಕ್ಷಾಪುಟದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳ ಚಿತ್ರವಿತ್ತು. ಅಂಥದ್ದನ್ನು ಅವನು ಕಣ್ಣಾರೆ ಕಂಡವನೇ ಅಲ್ಲ. ಎಲ್ಲೋ ಯಾರೋ ಕಟ್ಟಿದ್ದಾರೆ ಎಂದಮೇಲೆ ತಾನೂ ಕಟ್ಟಬಹುದು ಎಂಬಷ್ಟೇ ತರ್ಕದ ಮೇಲೆ ಅವನು ಕೆಲಸಕ್ಕೆ ಇಳಿದ.

ನನ್ನನ್ನು ಕೂರಿಸಿ ಯೋಚಿಸುವಂತೆ ಮಾಡಿದ್ದು ಈ ಚಿತ್ರವೇ. ನಾನು ವಿಮರ್ಶಿಸುತ್ತಿರುವ ಗ್ರಂಥಾಲಯದ ಕಿಟಕಿಯಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳು ಪುಸ್ತಕದ ಹಂಗಿಲ್ಲದೆ ಕಾಣುತ್ತವೆ. ಜೋಗಿಮಟ್ಟಿಯ ಸುತ್ತಲಿನ ಮಕ್ಕಳಿಗೆ ಅವು ಹುಟ್ಟಿದಾಗಿನಿಂದ ಪರಿಚಿತ. ಆಷಾಢದ ಗಾಳಿಗೆ ಹೇಗೆ ತಿರುಗುತ್ತವೆ, ಯಾವುದು ಕೆಟ್ಟು ನಿಂತಿದೆ ಎಂಬುದನ್ನೆಲ್ಲ ಅವರು ಬಲ್ಲರು. ಆದರೆ ಅವುಗಳ ಒಳಗೆ ಏನಿದೆ ಎಂದು ತಿಳಿಸುವ ಒಂದೇ ಒಂದು ಕನ್ನಡ ಪುಸ್ತಕ ಆ ಕಿಟಕಿಯ ಪಕ್ಕದ ಕಪಾಟಿನಲ್ಲಿಲ್ಲ. ಅಲ್ಲಿ ಪುಸ್ತಕವಿತ್ತು, ಯಂತ್ರವಿರಲಿಲ್ಲ. ಇಲ್ಲಿ ಯಂತ್ರವಿದೆ, ಪುಸ್ತಕವಿಲ್ಲ.

ಈಗ ಕಪಾಟಿನ ವಿಚಾರ. ಒಳಗೆ ಕಾಲಿಟ್ಟೊಡನೆ ಕಣ್ಣಿಗೆ ಬೀಳುವುದು ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳು: ಪೊಲೀಸ್ ಕಾನ್‌ಸ್ಟೆಬಲ್, ಪಿ.ಡಿ.ಒ., ಎಫ್.ಡಿ.ಎ., ಶಿಕ್ಷಕರ ನೇಮಕಾತಿ. ಇದನ್ನು ನಾನು ಹಳಿಯುವುದಿಲ್ಲ. ಹಗಲೆಲ್ಲ ಕೂತು ಓದುವ ತರುಣರು ಇವರೇ, ಇವರಿಲ್ಲದಿದ್ದರೆ ಗ್ರಂಥಾಲಯಕ್ಕೆ ಜನವೇ ಇಲ್ಲ. ಆದರೆ ಹೊಸ ಪುಸ್ತಕಕ್ಕೆಂದು ಬರುವ ಹಣದ ದೊಡ್ಡ ಪಾಲು ಈ ಕೈಪಿಡಿಗಳಿಗೇ ಹೋಗುತ್ತದೆ, ಮತ್ತು ಅವುಗಳಲ್ಲಿ ವಿಜ್ಞಾನವೆಂದರೆ ಒಂದು ಸಾಲಿನ ಪ್ರಶ್ನೆ, ನಾಲ್ಕು ಆಯ್ಕೆ. ತಿರುಗಿಸಿದರೆ ವಿದ್ಯುತ್ತು ಹುಟ್ಟಿಸುವ ಡೈನಮೊವನ್ನು ಕಂಡುಹಿಡಿದವರು ಯಾರು ಎಂಬುದು ಅವುಗಳಲ್ಲಿದೆ. ಡೈನಮೊ ಹೇಗೆ ಕೆಲಸ ಮಾಡುತ್ತದೆ ಎಂಬುದು ಇಲ್ಲ.

ವಿಜ್ಞಾನದ ಪುಸ್ತಕಗಳೇ ಇಲ್ಲವೆಂದಲ್ಲ. ಒಳಕೋಣೆಯ ಕಬ್ಬಿಣದ ಬೀರುವಿನಲ್ಲಿ ಅವುಗಳ ಎರಡು ಅಡ್ಡಸಾಲು ಇದೆ. ಗ್ರಹ ನಕ್ಷತ್ರಗಳು, ಮಾನವ ದೇಹ, ವಿಜ್ಞಾನಿಗಳ ಜೀವನಚರಿತ್ರೆಗಳು ಧಾರಾಳವಾಗಿವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮಕ್ಕಳ ಮಾಸಿಕದ ಹಳೆಯ ಸಂಚಿಕೆಗಳ ಒಂದು ಕಟ್ಟೂ ಇದೆ, ಅದು ಆ ಬೀರುವಿನ ನಿಜವಾದ ಆಸ್ತಿ. ಕೊರತೆಯಿರುವುದು ಕೈಕೆಲಸದ ವಿಜ್ಞಾನದಲ್ಲಿ, ಅಂದರೆ ಮೋಟಾರು, ಪಂಪು, ಬ್ಯಾಟರಿ, ಗಡಿಯಾರ, ರೇಡಿಯೊಗಳನ್ನು ಬಿಚ್ಚಿ ತೋರಿಸುವ, ದೊಡ್ಡ ಚಿತ್ರಗಳಿರುವ ಪುಸ್ತಕಗಳಲ್ಲಿ. ಜೀವನಚರಿತ್ರೆಗಳನ್ನು ಓದಿ ವಿಜ್ಞಾನಿಯ ಮೇಲೆ ಗೌರವ ಹುಟ್ಟಬಹುದು. ತಂತಿ ಸುತ್ತುವುದು ಮಾತ್ರ ಬರುವುದಿಲ್ಲ. ವಿಂಬೆಯ ಹುಡುಗನಿಗೆ ದಾರಿ ತೋರಿಸಿದ್ದು ಯಾವ ಮಹಾಪುರುಷನ ಚರಿತ್ರೆಯೂ ಅಲ್ಲ, ಅಯಸ್ಕಾಂತದ ನಡುವೆ ಸುರುಳಿ ತಿರುಗಿದರೆ ಏನಾಗುತ್ತದೆಂದು ತೋರಿಸುವ ಸಾದಾ ರೇಖಾಚಿತ್ರ.

ಬೀರುವಿಗೆ ಬೀಗವಿದೆ. ಕೇಳಿದರೆ ತೆರೆಯುತ್ತಾರೆ, ಆದರೆ ಏನು ಬೇಕೆಂದು ಮೊದಲೇ ತಿಳಿದಿರುವ ಮಗು ಮಾತ್ರ ಕೇಳುತ್ತದೆ. ಒಂದು ಪುಸ್ತಕ ಹುಡುಕಲು ಹೋಗಿ ಪಕ್ಕದ ಪುಸ್ತಕವನ್ನು ಎಳೆದು ನೋಡುವ ಅವಕಾಶ ಬೀಗ ಹಾಕಿದ ಬೀರು ಕೊಡುವುದಿಲ್ಲ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಮೇಲ್ವಿಚಾರಕಿಯೇ ಆದ್ದರಿಂದ ಬೀಗ ಹಾಕುವುದರಲ್ಲಿ ಅವರ ತಪ್ಪೇನೂ ನನಗೆ ಕಾಣುವುದಿಲ್ಲ. ಕಳೆದುಹೋಗುವ ಪುಸ್ತಕಗಳಿಗೆ ಒಂದಿಷ್ಟು ವಿನಾಯಿತಿ ಇಡದೆ ಲೆಕ್ಕ ಕೇಳುವ ಪದ್ಧತಿಯೇ ಪುಸ್ತಕವನ್ನು ಓದುಗನಿಂದ ದೂರ ಇಡುತ್ತದೆ. ಇಷ್ಟರ ನಡುವೆಯೂ ಇಲ್ಲಿ ಮಕ್ಕಳಿಗೆ ಪುಸ್ತಕವನ್ನು ಮನೆಗೆ ಕೊಡುತ್ತಾರೆ, ಕೇಳಿದರೆ ಅವಧಿ ಮುಂದುವರಿಸುತ್ತಾರೆ. ಇದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಓದುವ ಕೋಣೆಯಲ್ಲಿ ಕೂತು ಓದಿದ್ದರೆ ವಿಲಿಯಂ ಗಾಳಿಯಂತ್ರ ಕಟ್ಟುತ್ತಿರಲಿಲ್ಲ. ಪುಸ್ತಕ ಮನೆಯಲ್ಲಿ, ಕೊಳೆಯಾದ ಕೈಗೆ ಸಿಗುವಂತೆ ಇದ್ದದ್ದರಿಂದಲೇ ಅವನು ಚಿತ್ರವನ್ನೂ ಕೈಯಲ್ಲಿನ ಸಾಮಾನನ್ನೂ ಹೋಲಿಸಿ ನೋಡಲು ಸಾಧ್ಯವಾಯಿತು.

ಅವನ ಸಾಮಾನುಗಳ ಪಟ್ಟಿ ನಮ್ಮ ಯಾವ ಗುಜರಿ ಅಂಗಡಿಯಲ್ಲೂ ಸಿಗುವಂಥದ್ದು. ಟ್ರ್ಯಾಕ್ಟರಿನ ಫ್ಯಾನು, ಶಾಕ್ ಅಬ್ಸಾರ್ಬರ್‌ನ ದಂಡ, ತಂದೆಯ ಮುರುಕು ಸೈಕಲ್ಲಿನ ಚೌಕಟ್ಟು, ಪಿ.ವಿ.ಸಿ. ಪೈಪು. ಪೈಪನ್ನು ಸೀಳಿ, ಬೆಂಕಿಗೆ ಹಿಡಿದು ಮೆತ್ತಗಾದಾಗ ಚಪ್ಪಟೆ ಮಾಡಿ ರೆಕ್ಕೆಗಳನ್ನು ಮಾಡಿದ. ವಾಷರ್ ಇಲ್ಲದ ಕಡೆ ಬಾಟಲಿಯ ಮುಚ್ಚಳ ಬಡಿದು ಹಾಕಿದ. ಸೈಕಲ್ ಡೈನಮೊ ಮಾತ್ರ ಎಲ್ಲಿಯೂ ಸಿಗದಿದ್ದಾಗ ಅವನ ಗೆಳೆಯನೊಬ್ಬ ದಾರಿಹೋಕನ ಸೈಕಲ್ಲಿನಲ್ಲಿದ್ದ ಡೈನಮೊವನ್ನು ತನ್ನ ಹಣ ಕೊಟ್ಟು ಕೊಂಡುಕೊಟ್ಟ. ನೀಲಗಿರಿ ಮರದ ಕಂಬಗಳಿಂದ ಸುಮಾರು 5 ಮೀಟರ್ ಎತ್ತರದ ಗೋಪುರ ಎದ್ದಿತು. ನೋಡಲು ನೆರೆದವರಲ್ಲಿ ಹಲವರು ಅವನಿಗೆ ತಲೆ ಕೆಟ್ಟಿದೆಯೆಂದೇ ತಿಳಿದಿದ್ದರು. ಗಾಳಿ ಬೀಸಿ ಪುಟ್ಟ ಬಲ್ಬು ಉರಿದ ಮೇಲೆ ಆ ಮಾತು ನಿಂತಿತು. ಮುಂದೆ ಮನೆಯೊಳಗೆ ದೀಪಗಳು ಬಂದವು, ನೆರೆಹೊರೆಯವರು ಮೊಬೈಲ್ ಚಾರ್ಜ್ ಮಾಡಿಸಲು ಬಂದರು. ಮರಗಳ ಮೇಲಿನ ಬಿರುಸು ಗಾಳಿ ಸಿಗಲೆಂದು ಆಮೇಲೆ 12 ಮೀಟರಿನವರೆಗೂ ಎತ್ತರಿಸಿ ಕಟ್ಟಿದ. ಈ ಎತ್ತರದ ಆಸೆಗೆ ಲೆಕ್ಕವಿದೆ. ಗಾಳಿಯಿಂದ ದೊರೆಯುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟಾಗುತ್ತದೆ. ನಮ್ಮ ಗುಡ್ಡಗಳ ನೆತ್ತಿಯ ಮೇಲೇ ಯಂತ್ರಗಳನ್ನು ನೆಟ್ಟಿರುವುದೂ ಇದೇ ಲೆಕ್ಕದಿಂದ.

ಈ ಗ್ರಂಥಾಲಯದ ಅತ್ಯುತ್ತಮ ಭಾಗ ಯಾವುದೆಂದರೆ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಡೆಯುವ ಮಕ್ಕಳ ಕೂಟ. ಮಕ್ಕಳೆಲ್ಲ ‘ಅಕ್ಕ’ ಎಂದೇ ಕರೆಯುವ ಮೇಲ್ವಿಚಾರಕಿ ಅಲ್ಲಿ ವಿಲಿಯಂನ ಕಥೆಯನ್ನು ಕಂತು ಕಂತಾಗಿ, ಹರಿಕಥೆಯವರಂತೆ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿ, ಹೇಳಿದ್ದಾರೆ. ಕಥೆ ಡೈನಮೊದವರೆಗೆ ಬಂದಾಗ ಮಕ್ಕಳಿಗೆ ಒಂದು ತೊಡಕು ಎದುರಾಯಿತು: ಈಗಿನ ಮಕ್ಕಳು ಸೈಕಲ್ ಡೈನಮೊವನ್ನೇ ನೋಡಿಲ್ಲ. ಊರಿನ ಹಳೆಯ ಸೈಕಲ್ ಶಾಪಿನ ಅಜ್ಜನೊಬ್ಬರು ಅಟ್ಟದಿಂದ ಒಂದನ್ನು ಹುಡುಕಿ ಕೊಟ್ಟರು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಅದನ್ನು ಮರದ ಹಲಗೆಗೆ ಬಿಗಿದು, ಒಂದೇ ದಿಕ್ಕಿನ ಕರೆಂಟಿಗೆ ಮಾತ್ರ ಉರಿಯುವ ಪುಟ್ಟ ದೀಪಗಳಾದ ಕೆಂಪು ಮತ್ತು ಹಸಿರು ಎಲ್.ಇ.ಡಿ.ಗಳೆರಡನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ, ನಡುವೆ ತಕ್ಕ ರೆಸಿಸ್ಟರ್ ಹಾಕಿ ಜೋಡಿಸಿದರು. ಮೆಲ್ಲಗೆ ತಿರುಗಿಸಿದರೆ ಕೆಂಪು ಒಮ್ಮೆ, ಹಸಿರು ಒಮ್ಮೆ. ಜೋರಾಗಿ ತಿರುಗಿಸಿದರೆ ಎರಡೂ ಒಟ್ಟಿಗೇ ಉರಿದಂತೆ ಕಾಣುತ್ತದೆ. ದಿಕ್ಕು ಬದಲಿಸುತ್ತಲೇ ಹರಿಯುವ ಪರ್ಯಾಯ ವಿದ್ಯುತ್ (ಎ.ಸಿ.) ಎಂದರೇನು ಎಂಬುದನ್ನು ನಾನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಅಲೆ ಬರೆದು ಹೇಳುತ್ತಾ ಬಂದಿದ್ದೇನೆ. ಆ ಹಲಗೆಯ ಮುಂದೆ ನಿಂತ ಏಳನೆಯ ತರಗತಿಯ ಹುಡುಗಿಗೆ ಅಲೆ ಬೇಕಾಗಲಿಲ್ಲ.

ವಿಲಿಯಂ ಕೂಡ ಇದೇ ಜಾಗದಲ್ಲಿ ಎಡವಿ ಕಲಿತವನು. ಡೈನಮೊದ ತಂತಿಗಳನ್ನು ರೇಡಿಯೊದ ಬ್ಯಾಟರಿ ಇಡುವ ಜಾಗಕ್ಕೆ ತಾಗಿಸಿದಾಗ ಅದು ಹಾಡಲಿಲ್ಲ. ಗೋಡೆಯ ಕರೆಂಟಿಗೆ ಸಿಕ್ಕಿಸುವ ತೂತಿಗೆ ತಾಗಿಸಿದಾಗ ಹಾಡಿತು. ಅಕ್ಕ ಈ ಪ್ರಸಂಗವನ್ನು ಹೇಳಿ, ಉತ್ತರ ಹೇಳದೆ, ಮಕ್ಕಳನ್ನು ಹಲಗೆಯ ಬಳಿಗೆ ಕಳಿಸಿದರು. ಎರಡು ಬಣ್ಣಗಳನ್ನು ನೋಡಿದ ಮೇಲೆ ಉತ್ತರ ಮಕ್ಕಳ ಬಾಯಿಂದಲೇ ಬಂತು: ಬ್ಯಾಟರಿಯ ಕರೆಂಟು ಒಂದೇ ದಿಕ್ಕಿನದು, ಡೈನಮೊದ್ದು ಗೋಡೆಯ ಕರೆಂಟಿನಂತೆ ದಿಕ್ಕು ಬದಲಿಸುವಂಥದ್ದು. ಬೋಧನೆಯ ಈ ಜಾಣತನ ಯಾವ ಸುತ್ತೋಲೆಯಿಂದಲೂ ಬರುವಂಥದ್ದಲ್ಲ.

ಅಲ್ಲಿಗೆ ಕಥೆ ನಿಲ್ಲಲಿಲ್ಲ. ಹುಡುಗನೊಬ್ಬ ಕಿಟಕಿಯಾಚೆ ಕೈ ತೋರಿಸಿ, “ಸರ್, ಡೈನಮೊನ ಇಷ್ಟು ಜೋರಾಗಿ ತಿರುಗಿಸಬೇಕು. ಗುಡ್ಡದ ಮೇಲಿಂದು ಅಷ್ಟು ನಿಧಾನಕ್ಕೆ ತಿರುಗುತ್ತಲ್ಲ, ಅದರಲ್ಲಿ ಹೆಂಗೆ ಕರೆಂಟ್ ಬರುತ್ತೆ?” ಎಂದು ಕೇಳಿದ. ಎಷ್ಟು ಸರಿಯಾದ ಪ್ರಶ್ನೆ! ನಿಧಾನವೆಂಬುದು ದೂರದಿಂದ ನೋಡುವ ಕಣ್ಣಿಗೆ ಮಾತ್ರ. ನಿಮಿಷಕ್ಕೆ ಇಪ್ಪತ್ತೈದು ಸುತ್ತು ಬರುವ, 25 ಮೀಟರ್ ಉದ್ದದ ರೆಕ್ಕೆಯ ತುದಿ ಗಂಟೆಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹೋಗುತ್ತಿರುತ್ತದೆ. ಆದರೂ ನಡುವಿನ ದಂಡ ಸುತ್ತುವುದು ಇಪ್ಪತ್ತೈದೇ ಸುತ್ತು ಎಂಬುದು ನಿಜ. ಅಲ್ಲಿ ಮೇಲೆ, ಪೆಟ್ಟಿಗೆಯಂತೆ ಕಾಣುವ ಭಾಗದೊಳಗೆ ಗೇರ್‌ಬಾಕ್ಸ್ ಇದ್ದು, ಆ ಸುತ್ತುಗಳನ್ನು ನಿಮಿಷಕ್ಕೆ 1,500ರ ಆಸುಪಾಸಿಗೆ ಏರಿಸಿ ಜನರೇಟರಿಗೆ ಕೊಡುತ್ತದೆ. ವಿಲಿಯಂನ ಯಂತ್ರದಲ್ಲಿ ಈ ಕೆಲಸ ಮಾಡಿದ್ದು ಸೈಕಲ್ಲಿನ ದೊಡ್ಡ ಚಕ್ರ ಮತ್ತು ಡೈನಮೊದ ಪುಟ್ಟ ಗಾಲಿಯ ನಡುವಿನ ವ್ಯತ್ಯಾಸ. ಇದನ್ನು ನಾನು ಹೇಳಿದೆ; ನಾನು ಅಲ್ಲಿಲ್ಲದ ಶನಿವಾರ ಇದನ್ನು ಹೇಳಬೇಕಾದದ್ದು ಬೀರುವಿನೊಳಗಿನ ಪುಸ್ತಕ. ಗ್ರಂಥಾಲಯದ ಪುಸ್ತಕ ಖರೀದಿಯನ್ನು ನಿರ್ಧರಿಸುವವರು ಆ ಊರಿನ ಮಕ್ಕಳು ಕೇಳುವ ಪ್ರಶ್ನೆಗಳ ಒಂದು ವಹಿ ತರಿಸಿ ಓದಿದರೆ, ಬೇಕಾದ ಪುಸ್ತಕಗಳ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಇನ್ನು ಸೌಕರ್ಯಗಳು. ಕುರ್ಚಿ ಮೇಜು ಸಾಕಷ್ಟಿವೆ, ಕುಡಿಯುವ ನೀರಿದೆ, ಗೋಡೆಯ ಮೇಲಿನ ಚಿತ್ರಗಳು ಚೆನ್ನಾಗಿವೆ. ದಾನವಾಗಿ ಬಂದ ಕಂಪ್ಯೂಟರ್‌ಗಳಲ್ಲಿ ಕೆಲಸ ಮಾಡುವುದು ಒಂದು ಮಾತ್ರ, ಅಂತರ್ಜಾಲ ಬಂದರೆ ಬಂತು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಒಳಕೋಣೆ ಕತ್ತಲೆ. ನೆತ್ತಿಯ ಮೇಲೆ ಗಾಳಿಯಂತ್ರ ತಿರುಗುತ್ತಿರುವಾಗ ಅದರ ಬುಡದಲ್ಲಿ ದೀಪ ಆರುವುದನ್ನು ಊರಿನವರು ದೊಡ್ಡ ಅನ್ಯಾಯವೆಂಬಂತೆ ಹೇಳುತ್ತಾರೆ. ಯಂತ್ರದ ವಿದ್ಯುತ್ತು ಊರಿಗೆ ನೇರವಾಗಿ ಇಳಿಯುವುದಿಲ್ಲ. ಜನರೇಟರಿನ ಕೆಲವು ನೂರು ವೋಲ್ಟನ್ನು ಗೋಪುರದ ಬುಡದ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ 33,000 ವೋಲ್ಟಿಗೆ ಏರಿಸಿ ಉಪಕೇಂದ್ರಕ್ಕೆ ಕಳಿಸುತ್ತದೆ, ಅಲ್ಲಿಂದ ಅದು ಜಾಲಕ್ಕೆ ಸೇರುತ್ತದೆ. ಹಾಗಾಗಿ ಯಂತ್ರದ ಮೇಲೆ ಕೋಪ ಬೇಡ. ಆದರೆ ಒಂದು ಸೋಲಾರ್ ಫಲಕ, ಒಂದು ಬ್ಯಾಟರಿ, ನಾಲ್ಕು ದೀಪಗಳ ವ್ಯವಸ್ಥೆಯನ್ನು ಈ ಕಟ್ಟಡಕ್ಕೆ ಮಾಡಿಸಲು ಪಂಚಾಯಿತಿಗೆ ದೊಡ್ಡ ಖರ್ಚಾಗುವುದಿಲ್ಲ, ಮತ್ತು ಅದೇ ಒಂದು ಪಾಠವೂ ಆಗುತ್ತದೆ.

ವೇಳೆಯ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ. ಶಾಲೆ ನಡೆಯುವ ಹೊತ್ತಿನಲ್ಲೇ ಗ್ರಂಥಾಲಯವೂ ತೆರೆದಿರುತ್ತದೆ. ಮಗು ಮನೆಗೆ ಹೋಗಿ ಚೀಲವಿಟ್ಟು ಬರುವಷ್ಟರಲ್ಲಿ ಬಾಗಿಲು ಹಾಕುವ ಸಮಯ. ಹುಡುಗಿಯರಿಗಂತೂ ಇದು ಇನ್ನೂ ಕಷ್ಟ, ಏಕೆಂದರೆ ಸಂಜೆ ನೀರು, ಹಟ್ಟಿ, ತಮ್ಮ ತಂಗಿಯರ ಕೆಲಸವೆಲ್ಲ ಅವರ ಪಾಲಿನದು. ಶನಿವಾರದ ಕೂಟದಲ್ಲಿ ಅವರೇ ಹೆಚ್ಚಾಗಿ ಕಾಣುವುದಕ್ಕೆ, ಅದು ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲೇ ಮುಗಿಯುತ್ತದೆ ಎಂಬುದೇ ಕಾರಣವೆಂದು ನನ್ನ ಊಹೆ. ಮಲಾವಿಯ ಕಥೆ ಕೇಳಿದ ಹುಡುಗಿಯೊಬ್ಬಳು, ಅವನಿಗೆ ಅಕ್ಕ ತಂಗಿಯರೆಷ್ಟು, ಅವರನ್ನೂ ಗುಜರಿಯಲ್ಲಿ ಹುಡುಕಾಡಲು ಬಿಡುತ್ತಿದ್ದರೇ ಎಂದು ಕೇಳಿದಳಂತೆ. ಆರು ಜನ ಎಂದು ಅಕ್ಕ ಹೇಳಿದರು. ಉಳಿದ ಅರ್ಧಕ್ಕೆ ಉತ್ತರ ಕೊಡುವುದು ಅವರಿಗೂ ಸುಲಭವಾಗಿರಲಿಲ್ಲ.

ಸುರಕ್ಷತೆಯ ಮಾತನ್ನು ವೃತ್ತಿಯ ಕಾರಣದಿಂದ ಹೇಳಲೇಬೇಕು. ಡೈನಮೊ, ಟಾರ್ಚಿನ ಸೆಲ್ಲು, ಪುಟ್ಟ ಸೋಲಾರ್ ಫಲಕ, ಇವುಗಳೊಂದಿಗೆ ಮಕ್ಕಳು ಧೈರ್ಯವಾಗಿ ಆಡಬಹುದು. ವಾಹನದ ಬ್ಯಾಟರಿ ಬಂದೊಡನೆ ವಿಷಯ ಬೇರೆ. ವೋಲ್ಟೇಜು ಕಡಿಮೆಯಿದ್ದರೂ ತಂತಿಗಳು ಒಂದಕ್ಕೊಂದು ತಾಗಿದರೆ ಹರಿಯುವ ವಿದ್ಯುತ್ತು ಬೆಂಕಿ ಹೊತ್ತಿಸಬಲ್ಲದು. ಹುಲ್ಲು ಹೊದಿಸಿದ ಮನೆಯಲ್ಲಿ ವೈರಿಂಗ್ ಮಾಡಿದ್ದ ವಿಲಿಯಂಗೂ ಈ ಭಯ ಎದುರಾಗಿ, ಮೊಳೆಗಳಿಗೆ ತಾಮ್ರದ ತಂತಿ ಸುತ್ತಿ, ನಡುವೆ ಅಯಸ್ಕಾಂತದ ಚೂರು ಇಟ್ಟು, ವಿದ್ಯುತ್ತು ಮಿತಿಮೀರಿದರೆ ತಾನಾಗಿ ಕಡಿದುಕೊಳ್ಳುವ ಬ್ರೇಕರ್ ಮಾಡಿಕೊಂಡ. ನನ್ನನ್ನು ಕೇಳಿದರೆ ಆ ಇಡೀ ಕೆಲಸದಲ್ಲಿ ಗಾಳಿಯಂತ್ರಕ್ಕಿಂತ ಹೆಚ್ಚು ವಿಜ್ಞಾನವಿರುವುದು ಈ ಪುಟ್ಟ ಪೆಟ್ಟಿಗೆಯಲ್ಲಿ. ಅಕ್ಕ ಈ ಭಾಗವನ್ನು ಬೇಗ ದಾಟಿಸಿಬಿಟ್ಟಿದ್ದರು, ಮುಂದಿನ ಸಲ ನಿಧಾನವಾಗಿ ಹೇಳಬೇಕೆಂದು ಕೋರಿದ್ದೇನೆ. ಮನೆಯ ಪ್ಲಗ್ಗಿಗೆ ಯಾವ ಪ್ರಯೋಗವನ್ನೂ ಸಿಕ್ಕಿಸಬಾರದೆಂಬ ಫಲಕವನ್ನು ಆ ಮೇಜಿನ ಮೇಲೆ ಅಂಟಿಸುವುದೂ ಒಳ್ಳೆಯದು.

ಗ್ರಂಥಾಲಯದಿಂದ ಆಗದ ಕೆಲಸವೂ ಒಂದಿದೆ, ಅದನ್ನು ಹೇಳದೆ ಹೋದರೆ ಈ ವಿಮರ್ಶೆ ಬರಿಯ ಹೊಗಳಿಕೆಯಾಗುತ್ತದೆ. ವಿಲಿಯಂನ ಕಥೆಯನ್ನು ಹೇಳುವವರು ಅನೇಕ ವೇಳೆ ದೀಪ ಹೊತ್ತಿದ ಜಾಗಕ್ಕೇ ನಿಲ್ಲಿಸಿ, ಮನಸ್ಸಿದ್ದರೆ ಶಾಲೆಯೇ ಬೇಡ ಎಂಬ ಅರ್ಥ ಬರುವಂತೆ ಮಾಡುತ್ತಾರೆ. ಅವನಿಗೆ ಬೇಕಾಗಿದ್ದದ್ದು ಶಾಲೆಯೇ. 2006ರಲ್ಲಿ ಆ ಗ್ರಂಥಾಲಯವನ್ನು ತಪಾಸಣೆ ಮಾಡಲು ಬಂದ ಶಿಕ್ಷಣ ಅಧಿಕಾರಿಗಳ ಕಣ್ಣಿಗೆ ಗಾಳಿಯಂತ್ರ ಬಿತ್ತು, ಪತ್ರಿಕೆಯಲ್ಲಿ ಸುದ್ದಿ ಬಂತು, 2007ರಲ್ಲಿ ತಾಂಜಾನಿಯಾದ ಅರೂಷಾದಲ್ಲಿ ನಡೆದ, ಹೊಸ ಆಲೋಚನೆಗಳ ಭಾಷಣಗಳಿಗೆ ಹೆಸರಾದ ಟೆಡ್ ಸಮಾವೇಶದ ವೇದಿಕೆ ಹತ್ತಿದ. ಶಾಲೆ ಬಿಟ್ಟ ಸುಮಾರು ಐದು ವರ್ಷಗಳ ನಂತರ, ತನಗಿಂತ ಚಿಕ್ಕವರ ಜೊತೆಯಲ್ಲಿ ಮತ್ತೆ ಬೆಂಚಿನ ಮೇಲೆ ಕೂತ. ಮುಂದೆ ಜೊಹಾನ್ಸ್‌ಬರ್ಗ್‌ನ ಆಫ್ರಿಕನ್ ಲೀಡರ್‌ಶಿಪ್ ಅಕಾಡೆಮಿಯಲ್ಲಿ ಓದಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಿಂದ 2014ರಲ್ಲಿ ಪದವಿ ಪಡೆದ. ಗ್ರಂಥಾಲಯ ಅವನನ್ನು ಬಾಗಿಲವರೆಗೆ ತಂದಿತು. ಬಾಗಿಲು ತೆರೆದದ್ದು ಶುಲ್ಕ ಕಟ್ಟಿದ ಜನ. ಆ ಅಧಿಕಾರಿಗಳು ಆ ದಿನ ಬರದೆ ಹೋಗಿದ್ದರೆ ಅವನು ಇಂದಿಗೂ ಊರಿನವರ ಮೊಬೈಲ್ ಚಾರ್ಜ್ ಮಾಡಿಕೊಡುತ್ತಿರಬಹುದಾಗಿತ್ತು ಎಂಬುದನ್ನು ನಮ್ಮ ಮಕ್ಕಳಿಗೂ, ಅದಕ್ಕಿಂತ ಹೆಚ್ಚಾಗಿ ನಮ್ಮ ಪಂಚಾಯಿತಿ ಸದಸ್ಯರಿಗೂ ಹೇಳಬೇಕು.

ನಮ್ಮಲ್ಲಿ ಸರ್ಕಾರಿ ಪ್ರೌಢಶಾಲೆಯವರೆಗೆ ಶುಲ್ಕ ತಡೆಯಲ್ಲ. ತಡೆ ಬರುವುದು ಎಸ್.ಎಸ್.ಎಲ್.ಸಿ. ಆದಮೇಲೆ. ಕನ್ನಡದಲ್ಲಿ ವಿಜ್ಞಾನ ಓದಿದ ಮಗು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದೊಡನೆ ಭೌತಶಾಸ್ತ್ರವೂ ರಸಾಯನಶಾಸ್ತ್ರವೂ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಚಿತ್ರದುರ್ಗಕ್ಕೋ ದಾವಣಗೆರೆಗೋ ಬಸ್ಸು ಹಿಡಿಯಬೇಕು. ಖಾಸಗಿ ಕಾಲೇಜಾದರೆ ಹಣ ಬೇಕು. ಗುಡ್ಡದ ಕೆಳಗಿನ ಹಳ್ಳಿಗಳ ಎಷ್ಟೋ ಜಾಣ ಮಕ್ಕಳು ಈ ಹಂತದಲ್ಲಿ ಕಲಾ ವಿಭಾಗಕ್ಕೆ ತಿರುಗುವುದನ್ನೂ, ನಮ್ಮ ಐ.ಟಿ.ಐ.ಗೆ ಬರುವುದನ್ನೂ ನಾನು ಕಂಡಿದ್ದೇನೆ. ಐ.ಟಿ.ಐ. ಕೀಳೆಂದು ಹೇಳುತ್ತಿಲ್ಲ, ಅನ್ನ ಕೊಡುವ ವಿದ್ಯೆ ಅದು. ಆದರೆ ಅದು ಆಯ್ಕೆಯಾಗಿರಬೇಕು, ಅನಿವಾರ್ಯವಾಗಿರಬಾರದು. ಈ ಅಂತರಕ್ಕೆ ಗ್ರಂಥಾಲಯ ಮಾಡಬಹುದಾದ ಕೆಲಸ ಖಚಿತವಾಗಿದೆ: ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುವ ವಿಜ್ಞಾನ ಪಾರಿಭಾಷಿಕ ಕೋಶ, ಪ್ರಥಮ ಪಿ.ಯು.ಸಿ.ಯ ವಿಜ್ಞಾನ ಪಠ್ಯಗಳ ಎರಡೆರಡು ಪ್ರತಿ, ಒಂಬತ್ತನೆಯ ತರಗತಿಯಿಂದಲೇ ಇಂಗ್ಲಿಷ್ ಚಿತ್ರಪಾಠಗಳನ್ನು ಓದಿಸುವ ಅಭ್ಯಾಸ. ಚಿತ್ರ ಹಿಡಿದು ಪದ ಹುಡುಕಿದ ವಿಲಿಯಂನ ಪದ್ಧತಿಗಿಂತ ಉತ್ತಮವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಈ ಗ್ರಂಥಾಲಯದಲ್ಲಿ ಸದ್ಯಕ್ಕೆ ಇರುವುದು ಹಾಳೆ ಕಳಚಿದ ಒಂದು ನಿಘಂಟು ಮಾತ್ರ.

ಮೇಷ್ಟ್ರುಗಳ ನೆರವಿಗೂ ಜಿಲ್ಲೆಯಲ್ಲೇ ಆಧಾರವಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ನಡೆಯುತ್ತದೆ. ಡೈನಮೊ ಹಲಗೆಯ ಮೇಷ್ಟ್ರು ಅಲ್ಲಿಗೆ ಹೋಗಿ ಬಂದವರೇ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಶಾಲಾ ಮಕ್ಕಳ ಹೊಸ ಆಲೋಚನೆ ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಸಿಗುತ್ತದೆ. ಈ ಮಾಹಿತಿಯ ಒಂದು ಹಾಳೆಯನ್ನು ಗ್ರಂಥಾಲಯದ ಸೂಚನಾ ಫಲಕದಲ್ಲಿ ಹಾಕಬಾರದೇಕೆ ಎಂದು ಕೇಳಿದೆ. ಅಕ್ಕ ಮರುದಿನವೇ ಹಾಕಿಸಿದರು.

ಐದಕ್ಕೆ ಎಷ್ಟು ಎಂದು ಕೇಳುವವರಿಗೆ: ಕಪಾಟಿಗೆ ಎರಡು, ವೇಳೆಗೆ ಒಂದು, ಮನೆಗೆ ಪುಸ್ತಕ ಕೊಡುವ ಕ್ರಮಕ್ಕೆ ನಾಲ್ಕು, ಶನಿವಾರದ ಕೂಟಕ್ಕೆ ಐದು. ಇವುಗಳ ಸರಾಸರಿ ತೆಗೆದರೆ ಮೋಸವಾಗುತ್ತದೆ, ಆದ್ದರಿಂದ ತೆಗೆಯುವುದಿಲ್ಲ. ಕಂಪ್ಯೂಟರ್ ಕಲಿಯಬೇಕೆಂದೋ, ಸಿ.ಇ.ಟಿ. ತಯಾರಿಗೆಂದೋ ಮಕ್ಕಳನ್ನು ಇಲ್ಲಿಗೆ ಕಳಿಸಬೇಡಿ, ನಿರಾಶೆಯಾಗುತ್ತದೆ. ಐದರಿಂದ ಹತ್ತನೆಯ ತರಗತಿಯವರೆಗಿನ, ಮನೆಯ ರೇಡಿಯೊವನ್ನೋ ಮಿಕ್ಸಿಯನ್ನೋ ಬಿಚ್ಚಿ ಬೈಸಿಕೊಂಡಿರುವ ಮಗುವಿದ್ದರೆ ತಪ್ಪದೆ ಕಳಿಸಿ.

6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ‘ಓದುವ ಬೆಳಕು’ ಕಾರ್ಯಕ್ರಮದಡಿ ಹೆಸರು ಬರೆಸಿದರೆ ಸಾಕು. ಬೀರುವಿನ ಪುಸ್ತಕ ಬೇಕಾದರೆ ಸಂಕೋಚವಿಲ್ಲದೆ ಕೇಳಬೇಕು, ಮನೆಗೆ ಬೇಕೆಂದೂ ಕೇಳಬೇಕು. ಎರಡು ಮಲ್ಟಿಮೀಟರ್, ಒಂದು ಸೋಲ್ಡರಿಂಗ್ ಕಬ್ಬಿಣ, ಸಣ್ಣ ಮೋಟಾರುಗಳು, ಎನಾಮಲ್ ತಂತಿ, ಯಂತ್ರಗಳನ್ನು ಚಿತ್ರಸಹಿತ ವಿವರಿಸುವ ಕೆಲವು ಪುಸ್ತಕಗಳು, ಬೀಗವಿಲ್ಲದ ಒಂದು ತೆರೆದ ಕಪಾಟು, ಇಷ್ಟನ್ನು ಕೋರಿ ಮೇಲ್ವಿಚಾರಕಿ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾರೆ, ಮುಂದಿನ ಸಾಮಾನ್ಯ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ. ಕೆಟ್ಟ ಟೇಬಲ್ ಫ್ಯಾನು, ಹಳೆಯ ಸೈಕಲ್ ಚಕ್ರ, ಮೂಲೆಗೆ ಬಿದ್ದ ಡೈನಮೊ ಯಾರ ಮನೆಯಲ್ಲಾದರೂ ಇದ್ದರೆ ಗುಜರಿಯವನಿಗೆ ಹಾಕುವ ಮುನ್ನ ಶನಿವಾರ ಮಧ್ಯಾಹ್ನ ತಂದು ಕೊಡಬಹುದು. ರಸೀದಿ ಕೊಟ್ಟು ವಹಿಯಲ್ಲಿ ಬರೆದುಕೊಳ್ಳುತ್ತಾರೆ.